ಪುಟ್ಟ ಮಕ್ಕಳಿಗೆ ಚಿತ್ರ ಕಲಿಸಲು ಯಾವ ವಿಡಿಯೋ? ಮನೆಯಲ್ಲಿ ಹಿಡಿದದ್ದೇ ಮೇಲು

ಮೂರರಿಂದ ಏಳು ವರ್ಷದ ಮಕ್ಕಳಿಗೆ ವಿಡಿಯೋ ತೋರಿಸಿ ಚಿತ್ರ ತೆಗೆಸಬೇಕೆಂದರೆ ದಾರಿ ನಾಲ್ಕು. ಯೂಟ್ಯೂಬಿನ ಶಾರ್ಟ್ಸ್, ದೊಡ್ಡವರು ಮಾತಾಡುತ್ತ ಬರೆದು ತೋರಿಸುವ ಹದಿನೈದು ನಿಮಿಷದ ವಿಡಿಯೋ, ಫೀ ಕಟ್ಟುವ ಆನ್‌ಲೈನ್ ಲೈವ್ ಕ್ಲಾಸ್, ಮನೆಯವರೇ ಮೊಬೈಲಿನಲ್ಲಿ ಹಿಡಿದ ಮೂರು-ನಾಲ್ಕು ನಿಮಿಷದ ವಿಡಿಯೋ. ನಾಲ್ಕನ್ನೂ ಹಚ್ಚಿ ನೋಡಿದ ಮೇಲೆ ಉಳಿದದ್ದು ಕೊನೆಯದು. ಲೈವ್ ಕ್ಲಾಸಿಗೆ ಮುಂಗಡ ಕಟ್ಟಿದ ಫೀ ದಂಡವಾಯಿತು.

ಶಾರ್ಟ್ಸ್ ಬೇಡವೇ ಬೇಡ. ಬಹಳಷ್ಟು ವೇಗ ಹೆಚ್ಚಿಸಿದವು. ಕೈ ಹೇಗೆ ತಿರುಗಿತು ಎಂಬುದೇ ಕಾಣುವುದಿಲ್ಲ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರು. ಮಗು ನೋಡುತ್ತದೆ, ಪೆನ್ಸಿಲ್ ಹಿಡಿಯುವುದಿಲ್ಲ.

ಮಾತಾಡುತ್ತ ಬರೆಯುವ ಉದ್ದನೆಯ ವಿಡಿಯೋಗಳಲ್ಲಿ ನಿಜಕ್ಕೂ ಒಳ್ಳೆಯವಿವೆ. ದೊಡ್ಡವರ ಹಾಳೆಯ ಪಕ್ಕದಲ್ಲೇ ಒಂದು ಮಗುವಿನ ಹಾಳೆಯನ್ನೂ ತೋರಿಸುವವು ಎಲ್ಲಕ್ಕಿಂತ ಚೆನ್ನ. ಆ ಮಗುವಿನ ಗೆರೆ ಸೊಟ್ಟ ಇರುವುದು ಕಂಡರೆ ನಮ್ಮ ಮಗುವಿಗೂ ಧೈರ್ಯ. ಆದರೆ ಇವುಗಳಲ್ಲಿ ಒಂದು ತೊಡಕಿದೆ, ಮಿಕ್ಕ ಗುಣಗಳನ್ನೆಲ್ಲ ಅದೇ ನುಂಗಿಬಿಡುತ್ತದೆ.

ದೊಡ್ಡವರಿಗೆ ಒಂದು ಬಾಗಿದ ಗೆರೆ ಎಳೆಯಲು ಎರಡು-ಮೂರು ಸೆಕೆಂಡು ಸಾಕು. ಅದೇ ಗೆರೆಗೆ ಐದು ವರ್ಷದ ಮಗು 15-20 ಸೆಕೆಂಡು ತೆಗೆದುಕೊಳ್ಳುತ್ತದೆ. ಸ್ಕ್ರೀನ್ ನೋಡಬೇಕು, ಹಾಳೆಯಲ್ಲಿ ಜಾಗ ಹುಡುಕಬೇಕು, ಪೆನ್ಸಿಲ್ ಊರಬೇಕು, ಎಳೆಯಬೇಕು, ತಲೆ ಎತ್ತಿ ಮತ್ತೆ ತಾಳೆ ನೋಡಬೇಕು. ಅಷ್ಟರಲ್ಲಿ ವಿಡಿಯೋ ಮೂರು ಗೆರೆ ಮುಂದೆ ಹೋಗಿರುತ್ತದೆ. ಎರಡನೆಯ ಗೆರೆಗೆ ಹಿಂದೆ ಬಿದ್ದ ಮಗು ನಾಲ್ಕನೆಯದಕ್ಕೆ ‘ನನಗ ಬರೂದಿಲ್ಲ’ ಎಂದು ಹಾಳೆ ಸರಿಸುತ್ತದೆ. ಬಾರದ್ದೇನೂ ಇಲ್ಲ, ಹೊತ್ತು ಸಾಲಲಿಲ್ಲ ಅಷ್ಟೇ.

ನಿಲ್ಲಿಸಿದರಾಯಿತಲ್ಲ ಎನ್ನಬಹುದು. ನಿಲ್ಲಿಸಲು ಮುಟ್ಟಿದರೆ ಸ್ಕ್ರೀನ್ ಮಬ್ಬಾಗಿ ನಟ್ಟನಡುವೆ ಗುಂಡಿಗಳು ಬರುತ್ತವೆ, ನೋಡಬೇಕಾದ ಗೆರೆ ಇರುವುದೂ ಅಲ್ಲೇ. ಖಾಲಿ ಜಾಗ ಇನ್ನೊಮ್ಮೆ ಮುಟ್ಟಿದರೆ ಅವು ಹೋಗುತ್ತವೆ. ಮಗು ಮುಟ್ಟುವುದು ಎರಡೆರಡು ಸಲ, ಆಗ ವಿಡಿಯೋ ಹತ್ತು ಸೆಕೆಂಡು ಹಿಂದಕ್ಕೋ ಮುಂದಕ್ಕೋ ಜಿಗಿಯುತ್ತದೆ. ಇಷ್ಟನ್ನೂ ದಾಟಿ ನಿಲ್ಲಿಸಿದರೆ, ಮಗು ಗೆರೆ ಎಳೆಯಲು ತುಸು ತಡಮಾಡಿದರೂ ಮೊಬೈಲ್ ಮಲಗಿಬಿಡುತ್ತದೆ. ಬಹಳ ಮೊಬೈಲುಗಳಲ್ಲಿ ಸ್ಕ್ರೀನ್ ಆರುವ ಅವಧಿ 30 ಸೆಕೆಂಡು ಇರುತ್ತದೆ. ವಿಡಿಯೋ ಓಡುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ, ನಿಲ್ಲಿಸಿದ ಕ್ಷಣದಿಂದ ಎಣಿಕೆ ಶುರು. ಆಮೇಲೆ ಲಾಕ್ ತೆಗೆಯಲು ದೊಡ್ಡವರು ಅಡುಗೆಮನೆಯಿಂದ ಓಡಿ ಬರಬೇಕು. ಎಂಟು ಗೆರೆಯ ಚಿತ್ರಕ್ಕೆ ಎಷ್ಟು ಸಲವೋ.

ಪರಿಹಾರಗಳಿವೆ. ಸೆಟ್ಟಿಂಗ್ಸಿನ ಡಿಸ್‌ಪ್ಲೇಯಲ್ಲಿ ಸ್ಕ್ರೀನ್ ಆರುವ ಅವಧಿಯನ್ನು 10 ನಿಮಿಷ ಮಾಡಿ. ಆಟೋಪ್ಲೇ ತೆಗೆದುಹಾಕಿ, ಇಲ್ಲದಿದ್ದರೆ ಚಿತ್ರ ಮುಗಿದ ಕೂಡಲೇ ಆಟಿಗೆಯ ವಿಡಿಯೋ ಬರುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಆ್ಯಪ್ ಪಿನ್ ಮಾಡಿದರೆ ಮಗು ಬೇರೆಡೆ ಹೋಗಲಾರದು. ವೇಗವನ್ನು 0.5ಕ್ಕೆ ಇಳಿಸಿ ಧ್ವನಿ ಮುಚ್ಚುವವರಿದ್ದಾರೆ. ಇದು ಅರ್ಧ ಪರಿಹಾರ ಮಾತ್ರ: ಗೆರೆ ನಿಧಾನವಾಗುತ್ತದೆಯೇ ಹೊರತು ಒಂದು ಗೆರೆಗೂ ಮುಂದಿನದಕ್ಕೂ ನಡುವೆ ಬಿಡುವು ಹುಟ್ಟುವುದಿಲ್ಲ. ಮಗುವಿಗೆ ಬೇಕಾದದ್ದು ಆ ಬಿಡುವು. ಪ್ರತಿ ಗೆರೆ ಮುಗಿದಾಗ ಸ್ಕ್ರೀನ್‌ಶಾಟ್ ತೆಗೆದು, ಎಂಟು ಫೋಟೋ ಒಂದೆಡೆ ಹಾಕಿ, ಮಗು ಬೆರಳಿನಿಂದ ಸರಿಸುತ್ತ ಹೋಗುವುದು ಇದ್ದುದರಲ್ಲಿ ವಾಸಿ. ಆದರೆ ಗೆರೆ ಎಲ್ಲಿಂದ ಹೊರಟು ಯಾವ ಕಡೆ ಹೋಯಿತು ಎಂಬುದು ಫೋಟೋದಲ್ಲಿ ಇರುವುದಿಲ್ಲ. ವಿಡಿಯೋ ಬೇಕಾಗಿದ್ದೇ ಅದಕ್ಕೆ.

ಲೈವ್ ಕ್ಲಾಸಿನಲ್ಲಿ ಮೊಬೈಲ್ ಎದುರಿಗೆ ನಿಂತಿರುತ್ತದೆ, ಕಲಿಸುವವರಿಗೆ ಕಾಣುವುದು ಮಗುವಿನ ಮುಖ. ಹಾಳೆ ಕಾಣುವುದಿಲ್ಲ. ತಪ್ಪು ತಿದ್ದಲು ಮಗು ಹಾಳೆ ಎತ್ತಿ ತೋರಿಸಬೇಕು, ಒಂದೇ ಹೊತ್ತಿಗೆ ಹತ್ತು ಮಕ್ಕಳು ಎತ್ತುತ್ತಾರೆ. ನಡುವೆ ಕರೆಂಟ್ ಹೋಗಿ ವೈಫೈ ನಿಂತರೆ ಆ ಪಾಠ ಹೋದಂತೆಯೇ. ಎಂಟು-ಒಂಬತ್ತು ವರ್ಷದ ಮೇಲೆ, ನೆರಳು-ಬಣ್ಣ ಕಲಿಯುವ ಮಕ್ಕಳಿಗೆ ಇದು ಒಗ್ಗಬಹುದು.

ಇನ್ನು ಮನೆಯ ವಿಡಿಯೋ. ಇದಕ್ಕೆ ಚಿತ್ರಕಲೆ ಬರಬೇಕೆಂದೇನಿಲ್ಲ, ಆರೇಳು ಗೆರೆ ಎಳೆಯಲು ಬಂದರೆ ಸಾಕು. ಎರಡು ಸ್ಟೀಲ್ ಡಬ್ಬಿಗಳ ಮೇಲೆ ಅಡ್ಡವಾಗಿ ಎರಡು ಅಗಲ ಪಟ್ಟಿ ಇಟ್ಟು, ಕ್ಯಾಮೆರಾ ಪಟ್ಟಿಗಳ ನಡುವಿನ ಸಂದಿಗೆ ಬರುವಂತೆ ಮೊಬೈಲ್ ಮಲಗಿಸಿ. ಹಾಳೆಯಿಂದ 30-35 ಸೆಂ.ಮೀ. ಎತ್ತರವಿದ್ದರೆ ಎ4 ಹಾಳೆ ಪೂರ್ತಿ ಬರುತ್ತದೆ. ಮೊಬೈಲ್ ಹಾಳೆಗೆ ಸರಿಸಮ ಇರಲಿ, ಒಂದು ಕಡೆ ವಾಲಿದರೆ ಚೌಕದ ಒಂದು ಬದಿ ಸಣ್ಣದಾಗಿ ಕಾಣುತ್ತದೆ, ಮಗು ಅದನ್ನೇ ನಕಲು ಮಾಡುತ್ತದೆ. ಕೆಳಮುಖ ಮಲಗಿಸಿದ ಮೊಬೈಲಿಗೆ ಅಡ್ಡ ಯಾವುದು ಉದ್ದ ಯಾವುದು ತಿಳಿಯುವುದಿಲ್ಲ. ಆದ್ದರಿಂದ ಅಡ್ಡ ಹಿಡಿದು ರೆಕಾರ್ಡಿಂಗ್ ಶುರು ಮಾಡಿ, ಆಮೇಲೆ ಮಲಗಿಸಿ. ಹಾಳೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡದಿದ್ದರೆ ಕೈ ಬಂದಾಗಲೆಲ್ಲ ಚಿತ್ರ ಮಸುಕಾಗುತ್ತದೆ. ಬೆಳಕು ಎಡಗಡೆಯ ಕಿಟಕಿಯಿಂದ ಬರಲಿ, ಬಲಗೈಯ ನೆರಳು ಗೆರೆಯ ಮೇಲೆ ಬೀಳುವುದಿಲ್ಲ. ವಿಡಿಯೋದ ಗುಣಮಟ್ಟ 720ಪಿ ಇದ್ದರೆ ಸಾಕು, ಹಳೆಯ ಮೊಬೈಲಿನಲ್ಲೂ ತಡವರಿಸದೆ ಓಡುತ್ತದೆ.

ಬರೆಯಲು ದಪ್ಪ ಕಪ್ಪು ಮಾರ್ಕರ್ ಬಳಸಿ, ಪೆನ್ಸಿಲ್ ಗೆರೆ ವಿಡಿಯೋದಲ್ಲಿ ಕಾಣುವುದಿಲ್ಲ. ಮಗು ಕೂರುವ ದಿಕ್ಕಿನಿಂದಲೇ ಕಾಣುವಂತೆ ಹಿಡಿಯಿರಿ, ಎದುರಿನಿಂದ ಹಿಡಿದರೆ ಎಲ್ಲವೂ ತಲೆಕೆಳಗು. ಒಂದು ಗೆರೆ ಎಳೆಯಿರಿ, ಮನೆಮಾತಿನಲ್ಲೇ ಹೇಳಿ: ‘ಮ್ಯಾಲಿನ ಚುಕ್ಕಿಯಿಂದ ಕೆಳಗಿನ ಚುಕ್ಕಿಗೆ ನೆಟ್ಟಗ ಗೆರಿ ಹೊಡಿ.’ ಕೈಯನ್ನು ಪೂರ್ತಿ ಚೌಕಟ್ಟಿನಾಚೆ ತೆಗೆಯಿರಿ. 20 ಸೆಕೆಂಡು ಸುಮ್ಮನಿರಿ. ಮಗು ನಾಲ್ಕರ ಕೆಳಗಿದ್ದರೆ 30. ಆ ಸುಮ್ಮನಿರುವ ಹೊತ್ತಿನಲ್ಲಿ ಸ್ಕ್ರೀನಿನ ಮೇಲೆ ಅಲುಗಾಡದ ಚಿತ್ರವೊಂದೇ ಇರುತ್ತದೆ, ವಿಡಿಯೋ ಓಡುತ್ತಲೇ ಇರುವುದರಿಂದ ಮೊಬೈಲ್ ಮಲಗುವುದಿಲ್ಲ, ಯಾರೂ ಮುಟ್ಟಬೇಕಾಗಿಲ್ಲ. ಮೇಲೆ ಹೇಳಿದ ತೊಡಕು ಪೂರ್ತಿ ಹೋಯಿತು. ಹಿಡಿಯುವಾಗ 20 ಸೆಕೆಂಡು ಬಹಳ ಉದ್ದ ಅನಿಸುತ್ತದೆ, ಅವಸರದಲ್ಲಿ ಎಂಟಕ್ಕೇ ಮುಂದಿನ ಗೆರೆ ಎಳೆದುಬಿಡುತ್ತೇವೆ. ಗಡಿಯಾರ ನೋಡಿಯೇ ಎಣಿಸಿ.

ಚುಕ್ಕಿ ಇಡುವುದು ನಮಗೆ ಹೊಸದಲ್ಲ, ಅಂಗಳದ ರಂಗೋಲಿಯ ಕ್ರಮವೇ ಅದು. ಚೌಕಕ್ಕೆ ಮೂಲೆಯ ನಾಲ್ಕು ಚುಕ್ಕಿ ಮೊದಲು, ಗೆರೆ ಆಮೇಲೆ. ಪುಟ್ಟ ಮಕ್ಕಳ ಚೌಕ ಕೆಡುವುದು ಮೂಲೆಯಲ್ಲಿ: ನಿಲ್ಲದೆ ತಿರುಗಿಸಿಬಿಡುತ್ತಾರೆ, ಚೌಕ ಗುಂಡಾಗುತ್ತದೆ. ಚುಕ್ಕಿ ಬಂದಾಗ ನಿಂತು, ಪೆನ್ಸಿಲ್ ಎತ್ತಿ, ಮತ್ತೆ ಊರಬೇಕು. ಎರಡು ವಾರವಾದ ಮೇಲೆ ಚುಕ್ಕಿ ಕಡಿಮೆ ಮಾಡುತ್ತ ಬನ್ನಿ.

ಯಾವ ಚಿತ್ರ ಎಂಬುದನ್ನು ವಯಸ್ಸು ನಿರ್ಧರಿಸಲಿ. ನೋಡಿ ನಕಲು ಮಾಡುವ ಶಕ್ತಿ ಸಾಮಾನ್ಯವಾಗಿ ಒಂದು ಸರದಿಯಲ್ಲಿ ಬರುತ್ತದೆ. ಮೂರು ವರ್ಷದ ಸುಮಾರಿಗೆ ಗುಂಡು, ನಾಲ್ಕಕ್ಕೆ ಕೂಡಿಸುವ ಗುರುತು, ನಾಲ್ಕೂವರೆಯ ಆಸುಪಾಸು ಚೌಕ, ಐದಕ್ಕೆ ತ್ರಿಕೋನ, ವಜ್ರಾಕಾರ ಆರು-ಏಳಕ್ಕೆ. ಮೂರೂವರೆಯ ಮಗುವಿಗೆ ಚೌಕ, ತ್ರಿಕೋನ ಕೂಡಿಸಿ ಮನೆ ಬರೆಯುವ ವಿಡಿಯೋ ಹಚ್ಚಿದರೆ ಅಳು ಬರುವುದು ಇದಕ್ಕೇ. ಆ ವಯಸ್ಸಿಗೆ ಬರೀ ಗುಂಡಿನ ಚಿತ್ರ ಕೊಡಿ: ರೊಟ್ಟಿ, ನಿಂಬೆಹಣ್ಣು, ದ್ರಾಕ್ಷಿ ಗೊನೆ. ದ್ರಾಕ್ಷಿ ಎಲ್ಲಕ್ಕಿಂತ ಒಳ್ಳೆಯದು, ಒಂದೇ ಆಕಾರವನ್ನು ಹದಿನೈದು ಸಲ ಬೇಸರವಿಲ್ಲದೆ ಬರೆಸುತ್ತದೆ. ಎರಡೂವರೆ ವರ್ಷದೊಳಗಿನವರಿಗೆ ವಿಡಿಯೋ ಬೇಡ. ಅಷ್ಟು ಚಿಕ್ಕವರು ಎದುರಿಗೆ ಕೂತು ತೋರಿಸಿದಷ್ಟು ವಿಡಿಯೋ ನೋಡಿ ಕಲಿಯುವುದಿಲ್ಲ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಪಾಟಿ, ಖಡು (ಬಳಪ) ಕೊಟ್ಟು ಗೀಚಲು ಬಿಡಿ.

ವಿಜಯಪುರದ ಐದು ವರ್ಷದ ಮಗುವಿಗೆ ಹಿಮದ ಗೊಂಬೆ ಬರೆಸುವುದಕ್ಕಿಂತ ಗೋಳಗುಮ್ಮಟ ಬರೆಸುವುದು ಸುಲಭ. ಕಣ್ಣಿನ ಮುಂದಿದೆ, ಆಕಾರಗಳೂ ಸರಳ. ಅಡ್ಡ ಹಾಳೆಯ ನಡುವೆ ಸುಮಾರು 8 ಸೆಂ.ಮೀ. ಚೌಕ. ಅದರ ಎರಡೂ ಬದಿಗೆ ಅಂಟಿಕೊಂಡು ಸಣ್ಣಗೆ ಎತ್ತರದ ಎರಡು ಗೋಪುರ. ಚೌಕದ ಮೇಲೆ, ಅದರ ಅಗಲಕ್ಕಿಂತ ತುಸು ಕಡಿಮೆ ಅಗಲದ ಅರ್ಧ ಗುಂಡು. ಗೋಪುರಗಳ ತಲೆಗೆ ಪುಟ್ಟ ಗುಮ್ಮಟ. ಮುಂಭಾಗಕ್ಕೆ ಮೂರು ಕಮಾನು, ನಡುವಿನದರಲ್ಲಿ ಬಾಗಿಲು. ಗೋಪುರಕ್ಕೆ ಏಳು ಅಂತಸ್ತು, ಹಾಗಾಗಿ ಒಂದೊಂದರಲ್ಲೂ ಏಳು ಕಿಟಕಿ, ಎಣಿಕೆಯೂ ಆಯಿತು. ತಪ್ಪುವುದು ಅರ್ಧ ಗುಂಡಿನಲ್ಲಿ: ಮಗು ಪೂರ್ತಿ ಗುಂಡು ಬರೆದು ಚೆಂಡು ಇಟ್ಟಂತೆ ಮಾಡುತ್ತದೆ. ಶುರುವಿಗೊಂದು, ಕೊನೆಗೊಂದು, ನೆತ್ತಿಗೊಂದು ಚುಕ್ಕಿ ಇಟ್ಟರೆ ಸರಿಹೋಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ವಾರ ಎತ್ತಿನ ಚಿತ್ರ ಹಿಡಿಯಿರಿ. ಕೈಯಲ್ಲಿ ಮಣ್ಣಿನ ಎತ್ತು ಮಾಡಿದ ಮಗುವಿಗೆ ಡುಬ್ಬ ಎಲ್ಲಿ, ಕೊಂಬು ಎಲ್ಲಿ ಎಂದು ಹೇಳಿಕೊಡಬೇಕಾಗಿಲ್ಲ.

ಟಿವಿಗಿಂತ ಮೊಬೈಲ್ ವಾಸಿ, ಗೋಡೆಯಿಂದ ಹಾಳೆಗೆ ಕಣ್ಣು ಇಳಿಸುವಷ್ಟರಲ್ಲಿ ಮಗುವಿಗೆ ಜಾಗ ಮರೆತುಹೋಗುತ್ತದೆ. ಮೊಬೈಲನ್ನು ಹಾಳೆಯ ಮೇಲಂಚಿಗೆ ಡಬ್ಬಿಗೆ ಒರಗಿಸಿ ಇಡಿ. ಮೆತ್ತನೆಯ 2ಬಿ ಪೆನ್ಸಿಲ್ ಕೊಡಿ, ಅದಕ್ಕಿಂತ ಗಟ್ಟಿಯಾದ ಎಚ್‌ಬಿಯಲ್ಲಿ ಒತ್ತಿ ಒತ್ತಿ ಹಾಳೆ ಹರಿಯುತ್ತದೆ. ರಬ್ಬರ್ ಕೊಡಬೇಡಿ.

ವಾರಕ್ಕೆ ಒಂದು ಹೊಸ ವಿಡಿಯೋ, ಅದನ್ನೇ ನಾಲ್ಕು ದಿನ. ಹಿಡಿಯಲು ಭಾನುವಾರ ಇಪ್ಪತ್ತು ನಿಮಿಷ, ಖರ್ಚು ಒಂದು ಮಾರ್ಕರ್, ಒಂದಿಷ್ಟು ಹಾಳೆ. ಡೇಟಾ ಬೇಡ, ಸಿಮ್ ಇಲ್ಲದ ಹಳೆಯ ಮೊಬೈಲ್ ನಡೆಯುತ್ತದೆ, ಜಾಹೀರಾತು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 2ರಿಂದ 4 ವರ್ಷದವರಿಗೆ ಕೂತು ಸ್ಕ್ರೀನ್ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ನಾಲ್ಕು ನಿಮಿಷದ ವಿಡಿಯೋ ಎರಡು ಸಲ ಓಡಿದರೂ ಎಂಟೇ ನಿಮಿಷ. ಭಾನುವಾರವೂ ಪುರುಸೊತ್ತಿಲ್ಲದ ಮನೆಯವರು ಉದ್ದನೆಯ ವಿಡಿಯೋ ಆರಿಸಿ ಸ್ಕ್ರೀನ್‌ಶಾಟ್ ದಾರಿ ಹಿಡಿಯಲಿ, ಫೀ ಕಟ್ಟುವ ದಾರಿ ಬೇಡ.

ಎಡಗೈಯ ಮಗುವಾದರೆ ಒಂದು ಬದಲಾವಣೆ: ಮೊಬೈಲನ್ನು ಹಾಳೆಯ ಮೇಲಂಚಿನ ಬಲ ಮೂಲೆಗೆ ಒರಗಿಸಿ, ಹಾಳೆಯ ಮೇಲ್ತುದಿಯನ್ನು ತುಸು ಬಲಕ್ಕೆ ವಾಲಿಸಿ, ಚುಕ್ಕಿ ಕೂಡಿಸುವಾಗ ಬಲದಿಂದ ಎಡಕ್ಕೆ ಎಳೆದು ತೋರಿಸಿ. ಇಲ್ಲದಿದ್ದರೆ ಮಗುವಿನ ಕೈಯೇ ಅದರ ಗೆರೆಯನ್ನು ಮುಚ್ಚಿಬಿಡುತ್ತದೆ.