ಯೂರೇಲ್ ಪಾಸ್: ಎಲ್ಲಿ ಕೈಹಿಡಿಯುತ್ತೆ, ಎಲ್ಲಿ ದಂಡ

ಕುಯ್ಲು ಮುಗಿದು, ಮೆಣಸು ಇಳಿಸಿ, ಮಳೆ ಹಿಡಿಯುವುದರೊಳಗೆ ತೋಟದವರಿಗೆ ಸಿಗುವ ಬಿಡುವು ಏಪ್ರಿಲ್, ಮೇ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಆಗ ಯೂರೋಪಿಗೆ ಹೊರಡುವವರು ಮೊದಲು ಕೇಳುವುದು ಯೂರೇಲ್ ಪಾಸ್ ತಗೊಳ್ಳಬೇಕೋ ಬೇಡವೋ ಎಂದು. ಕೊಂಡಷ್ಟು ದಿನಗಳ ಮಟ್ಟಿಗೆ ಯೂರೋಪಿನ ಹಲವು ದೇಶಗಳ ರೈಲುಗಳಿಗೆ ನಡೆಯುವ ಒಂದೇ ಟಿಕೆಟ್ ಇದು. 33 ದೇಶಗಳಲ್ಲಿ ನಡೆಯುತ್ತದೆ ಎಂಬುದು ನಿಜ. ಆದರೆ ದೇಶದಿಂದ ದೇಶಕ್ಕೆ ನಿಯಮ ಬೇರೆ, ಪಾಸಿನ ಬೆಲೆ ಗಿಟ್ಟುವುದೂ ಗಿಟ್ಟದಿರುವುದೂ ಅದರ ಮೇಲೆ ನಿಂತಿದೆ.

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಲ್ಲಿ ಪಾಸ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಹುತೇಕ ರೈಲುಗಳಿಗೆ ಸೀಟು ಕಾಯ್ದಿರಿಸಬೇಕಾಗಿಲ್ಲ, ಬಂದ ರೈಲು ಹತ್ತಬಹುದು. ಜರ್ಮನಿಯಲ್ಲಿ ಇದರ ಬೆಲೆ ಬೇಗ ಗೊತ್ತಾಗುತ್ತದೆ: 2024ರಲ್ಲಿ ಅಲ್ಲಿನ ರೈಲ್ವೆ ಕಂಪನಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇ. 62.5 ಮಾತ್ರ. ಅಗ್ಗದ ಬಿಡಿ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡಿದ್ದರೆ, ಮೊದಲನೇ ರೈಲು ತಡವಾದಾಗ ಎರಡನೆಯದರ ದುಡ್ಡು ಹೋದಂತೆಯೇ. ಪಾಸ್ ಇದ್ದರೆ ಮುಂದಿನ ರೈಲು ಹತ್ತಿದರಾಯಿತು. ಆದರೆ ಆರು-ಎಂಟು ನಿಮಿಷದಲ್ಲಿ ರೈಲು ಬದಲಿಸಬಹುದೆಂದು ಆಪ್ ತೋರಿಸಿದರೆ ಅದನ್ನು ನಂಬಬೇಡಿ. ಎರಡು ಸೂಟ್‌ಕೇಸು, ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಅರ್ಧ ಗಂಟೆಯಾದರೂ ಬಿಡಿ.

ಇಟಲಿ, ಫ್ರಾನ್ಸ್, ಸ್ಪೇನಿನಲ್ಲಿ ಲೆಕ್ಕ ತಿರುಗುತ್ತದೆ. ಇಟಲಿಯ ಫ್ರೆಚ್ಚಾರೋಸಾ, ಫ್ರಾನ್ಸಿನ ಟಿಜಿವಿಯಂಥ ವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟಿಗೆ ಪ್ರತ್ಯೇಕವಾಗಿ 10 ಯೂರೋ ಮೇಲೆ ಕೊಡಬೇಕು. ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಕಡೆ ಓಡುವ ಯೂರೋಸ್ಟಾರ್‌ಗೆ ಇನ್ನೂ ಹೆಚ್ಚು. ಫ್ರಾನ್ಸಿನ ಟಿಜಿವಿ, ಯೂರೋಸ್ಟಾರ್‌ಗಳಲ್ಲಿ ಪಾಸಿನವರಿಗೆ ಮೀಸಲಾದ ಸೀಟುಗಳು ಮುಗಿದರೆ, ರೈಲಿನಲ್ಲಿ ಜಾಗವಿದ್ದರೂ ನಿಮಗಿಲ್ಲ. ಇಟಲಿಯ ಇಟಾಲೋ, ಫ್ರಾನ್ಸಿನ ವೀಗೋ ರೈಲುಗಳು ಪಾಸಿನಲ್ಲಿ ಬರುವುದೇ ಇಲ್ಲ. ಮಿಲಾನ್‌ನಿಂದ ರೋಮ್‌ಗೆ ಮೂರು ಗಂಟೆ ಚಿಲ್ಲರೆ. ಒಂದೆರಡು ತಿಂಗಳು ಮುಂಚೆ ಬಿಡಿ ಟಿಕೆಟ್ ಕೊಳ್ಳುವುದೇ ಜಾಣತನ. ಅದಕ್ಕೆ ಪಾಸಿನ ಒಂದು ದಿನ ಸುಡಬಾರದು.

ಸ್ವಿಟ್ಜರ್ಲೆಂಡಿನಲ್ಲೂ ಒಂದು ಕೊಕ್ಕೆ ಇದೆ. ಇಂಟರ್‌ಲಾಕೆನ್‌ವರೆಗೆ ಯೂರೇಲ್ ನಡೆಯುತ್ತದೆ, ಅಲ್ಲಿಂದ ಬೆಟ್ಟದ ಊರುಗಳಾದ ಗ್ರಿಂಡೆಲ್‌ವಾಲ್ಡ್, ಲೌಟರ್‌ಬ್ರುನೆನ್‌ಗೆ ಬರೀ ರಿಯಾಯಿತಿ. ಆ ದೇಶದ್ದೇ ಆದ ಸ್ವಿಸ್ ಟ್ರಾವೆಲ್ ಪಾಸ್ ಆದರೆ ಗ್ರಿಂಡೆಲ್‌ವಾಲ್ಡ್, ವೆಂಗೆನ್, ಮ್ಯೂರೆನ್‌ವರೆಗೂ, ಸರೋವರದ ದೋಣಿ, ಊರ ಬಸ್ಸುಗಳಿಗೂ ಸಲ್ಲುತ್ತದೆ. ಬೆಟ್ಟದಲ್ಲೇ ನಾಲ್ಕು ರಾತ್ರಿ ಕಳೆಯುವವರಿಗೆ ಅದೇ ಸರಿ. ಹಿಮಬೆಟ್ಟದ ಮೇಲಿನ ಯುಂಗ್‌ಫ್ರಾವ್‌ಯೋಕ್‌ಗೆ ಹತ್ತುವ ರೈಲು ಎರಡರಲ್ಲೂ ಪೂರ್ತಿ ಸೇರಿಲ್ಲ.

ಆಮ್‌ಸ್ಟರ್‌ಡ್ಯಾಮ್, ಕೊಲೋನ್, ಇಂಟರ್‌ಲಾಕೆನ್, ಮಿಲಾನ್, ರೋಮ್ ಎಂದು ಇಳಿದು ಬರುವವರು ತಿಂಗಳೊಳಗೆ 4 ದಿನದ ಪಾಸ್ ತಗೊಂಡರೆ ಸಾಕು. ದಿನ ಎಂದರೆ ನಡುರಾತ್ರಿಯಿಂದ ನಡುರಾತ್ರಿ. ಕೊಲೋನ್‌ನಿಂದ ಇಂಟರ್‌ಲಾಕೆನ್‌ನಂಥ ಉದ್ದದ ಹಾದಿಗೂ, ಬರ್ನ್, ಲ್ಯುಸರ್ನ್ ಸುತ್ತುವ ದಿನಕ್ಕೂ ಅದನ್ನು ಬಳಸಿ. ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಊರೊಳಗೆ ಕಾಲು ಗಂಟೆ. ಅದಕ್ಕೆ ಬಿಡಿ ಟಿಕೆಟ್. ಸ್ವಿಟ್ಜರ್ಲೆಂಡಿನಿಂದ ಮಿಲಾನ್‌ಗೆ ಹೋಗುವ ಯೂರೋಸಿಟಿ ರೈಲಿಗೆ ಸೀಟು ಕಾಯ್ದಿರಿಸಲೇಬೇಕು. ರೈಲು ಹತ್ತುವ ಮುಂಚೆ ಯೂರೇಲ್‌ನ ರೈಲ್ ಪ್ಲಾನರ್ ಆಪ್‌ನಲ್ಲಿ ಪ್ರಯಾಣ ಸೇರಿಸಿ ಆನ್ ಮಾಡಿ, ಕ್ಯೂಆರ್ ಕೋಡ್ ಬಂದಿದೆಯೇ ನೋಡಿಕೊಳ್ಳಿ. ಮರೆತು ಕೂತವರನ್ನು ತಪಾಸಣೆಯವರು ಟಿಕೆಟ್ ಇಲ್ಲದವರೆಂದೇ ಎಣಿಸುತ್ತಾರೆ. ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. 60 ತುಂಬಿದವರಿಗೆ ಶೇ. 10 ರಿಯಾಯಿತಿ, 4ರಿಂದ 11 ವರ್ಷದ ಇಬ್ಬರು ಮಕ್ಕಳಿಗೆ ದೊಡ್ಡವರೊಬ್ಬರ ಜೊತೆ ಉಚಿತ ಪಾಸ್, ಆದರೆ ಅದನ್ನೂ ಬುಕ್ ಮಾಡುವಾಗಲೇ ಸೇರಿಸಬೇಕು.

ವಿಮಾನಕ್ಕೆ ಎರಡು ಒನ್‌ವೇ ಕೊಳ್ಳಬೇಡಿ. ಏರ್‌ಲೈನ್ ಸೈಟಿನ ಮಲ್ಟಿ-ಸಿಟಿಯಲ್ಲಿ ಬೆಂಗಳೂರು–ಆಮ್‌ಸ್ಟರ್‌ಡ್ಯಾಮ್, ರೋಮ್–ಬೆಂಗಳೂರು ಎಂದು ಒಂದೇ ಟಿಕೆಟ್ ಮಾಡಿಸಿ. ರೋಮ್‌ನಿಂದ ಬರುವಾಗ ನಡುವೆ ವಿಮಾನ ತಪ್ಪಿದರೆ ಮುಂದಕ್ಕೆ ಕಳಿಸುವ ಹೊಣೆ ಅವರದೇ. ವೀಸಾ ಅರ್ಜಿ ಹೆಚ್ಚು ದಿನ ಉಳಿಯುವ ದೇಶಕ್ಕೆ ಹೋಗಬೇಕು, ವಿಮೆ ಕನಿಷ್ಠ 30,000 ಯೂರೋ. ವೀಸಾ ಕೈಗೆ ಬರುವ ತನಕ ವಾಪಸ್ ಸಿಗದ ರೈಲು ಟಿಕೆಟ್ ಬೇಡ. ಲಂಡನ್ ಸೇರಿಸುವ ಆಸೆ ಇದ್ದರೆ ಅದಕ್ಕೆ ಬ್ರಿಟನ್ ವೀಸಾ ಬೇರೆ.

ಯೂರೋಪಿನ ವಿಮಾನಗಳು ಬೆಂಗಳೂರಿನಿಂದ ಹೆಚ್ಚಾಗಿ ನಡುರಾತ್ರಿ ಕಳೆದು ಹೊರಡುತ್ತವೆ. ಟಿಕೆಟ್ 12ನೇ ತಾರೀಕು ಬೆಳಗಿನ ಜಾವ 2.30 ಎಂದಿದ್ದರೆ, ಚಿಕ್ಕಮಗಳೂರು ಬಿಡಬೇಕಾದದ್ದು 11ರ ಮಧ್ಯಾಹ್ನ. ಕಡೂರು, ಅರಸೀಕೆರೆ, ತುಮಕೂರಿನ ಮೇಲೆ ಬಂದು ದಾಬಸ್‌ಪೇಟೆಯಲ್ಲಿ ತಿರುಗಿದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಬೆಂಗಳೂರು ಊರೊಳಗೆ ಹೋಗದೆಯೇ ಟರ್ಮಿನಲ್ 2 ಸೇರಬಹುದು. ಹಾಸನದವರು ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ತಿರುಗಿ.

ವಾಪಸ್ ಹೊರಡುವ ಹಿಂದಿನ ರಾತ್ರಿ ರೋಮ್‌ನಲ್ಲೇ ಇರಿ. ಇಟಲಿಯ ರೈಲು ಮುಷ್ಕರಗಳನ್ನು ಸಾಮಾನ್ಯವಾಗಿ ಮುಂಚೆಯೇ ಘೋಷಿಸುತ್ತಾರೆ, ಕೆಲಸದ ದಿನ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲು ಓಡಿಸುವ ಕಟ್ಟಳೆಯೂ ಇದೆ. ಆದರೂ ವಿಮಾನದ ದಿನ ಬೆಳಿಗ್ಗೆ ಮಿಲಾನ್‌ನಿಂದ ಹೊರಡುವ ಯೋಜನೆ ಹಾಕಬೇಡಿ.