‘ಪರಾಮರ್ಶೆ’ ಎಂಬ ಪದ ಮತ್ತು ‘ಅಲರ್’ ನಿಘಂಟು

ನಿಘಂಟೊಂದರ ಕಸುವು ‘ಮರ’, ‘ನೀರು’ಗಳಂಥ ಪದಗಳನ್ನು ಹುಡುಕಿದಾಗ ತಿಳಿಯುವುದಿಲ್ಲ, ಅಕ್ಕಪಕ್ಕದ ಮಾತಿಗೆ ತಕ್ಕಂತೆ ಅರ್ಥದ ಛಾಯೆ ಬದಲಿಸುವ ‘ಪರಾಮರ್ಶೆ’ಯಂಥ ಪದಗಳನ್ನು ಹುಡುಕಿದಾಗ ತಿಳಿಯುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ದುಡಿದು ಸಿದ್ಧಪಡಿಸಿದ, 2019ರಲ್ಲಿ ಅಂತರಜಾಲಕ್ಕೆ ಬಂದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟನ್ನು ಅನುವಾದದ ಕೆಲಸಕ್ಕೆ ನಿತ್ಯ ಬಳಸುವವನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ಒಂದೂವರೆ ಲಕ್ಷ ಪದಗಳ ಈ ನಿಘಂಟು ಉಚಿತವಾಗಿದೆ. ಅದರ ದತ್ತಾಂಶವನ್ನೂ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಕನ್ನಡದ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಉಚ್ಚಾರಣೆಯ ಹೋಲಿಕೆಯನ್ನು ಆಧರಿಸಿ ಹುಡುಕುವ ವ್ಯವಸ್ಥೆಯಿರುವುದರಿಂದ, ಕಾಗುಣಿತ ಖಚಿತವಿಲ್ಲದವರೂ ಬೇಕಾದ ಪದದ ಹತ್ತಿರಕ್ಕೆ ಬರಬಹುದು. ಅಲ್ಪಪ್ರಾಣ–ಮಹಾಪ್ರಾಣಗಳಲ್ಲಿ ತಡವರಿಸುವ ನಮ್ಮಲ್ಲಿ ಅನೇಕರಿಗೆ ಇದು ದೊಡ್ಡ ಉಪಕಾರ.

ಆದರೆ ಅಲರ್ ಅರ್ಥಗಳನ್ನು ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಕೊಡುತ್ತದೆಯೇ ಹೊರತು ಬಳಕೆಯ ವಾಕ್ಯಗಳನ್ನು ಕೊಡುವುದಿಲ್ಲ. ‘ಪರಾಮರ್ಶೆ’ಯ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಯೋಜನೆಯೊಂದರ ಸಾಧಕ–ಬಾಧಕಗಳನ್ನು ಪರಾಮರ್ಶಿಸುವುದೆಂದರೆ ತೂಗಿ ನೋಡುವುದು. ಗ್ರಂಥಾಲಯದಲ್ಲಿ ಮನೆಗೆ ಒಯ್ಯಲು ಕೊಡದೆ ಅಲ್ಲೇ ಕುಳಿತು ನೋಡಲು ಇಟ್ಟಿರುವ ವಿಶ್ವಕೋಶ, ನಿಘಂಟುಗಳು ‘ಪರಾಮರ್ಶನ ಗ್ರಂಥ’ಗಳು. ನ್ಯಾಯಶಾಸ್ತ್ರದಲ್ಲಂತೂ (ಇಲ್ಲಿ ಕಾನೂನಲ್ಲ, ಭಾರತೀಯ ತರ್ಕಶಾಸ್ತ್ರ) ಇದು ಪಾರಿಭಾಷಿಕ ಪದ: ಬೆಟ್ಟದಲ್ಲಿ ಹೊಗೆಯಿದೆ ಎಂದು ಕಂಡರಷ್ಟೇ ಸಾಲದು, ಬೆಂಕಿಯನ್ನು ಬಿಟ್ಟಿರದ ಹೊಗೆಯೇ ಈ ಬೆಟ್ಟದಲ್ಲಿದೆ ಎಂಬ ತಿಳಿವಳಿಕೆ ಹುಟ್ಟಬೇಕು; ಅದೇ ಪರಾಮರ್ಶ, ಅದರಿಂದಲೇ ಬೆಂಕಿಯ ಅನುಮಿತಿ, ಅಂದರೆ ಅಲ್ಲಿ ಬೆಂಕಿಯಿದೆ ಎಂಬ ಊಹೆಯ ನಿಶ್ಚಯ. ಹಿಂದಿಯಲ್ಲಿ ಇದೇ ಪದಕ್ಕೆ ಸಲಹೆ ಎಂಬ ಅರ್ಥ ರೂಢವಾಗಿರುವುದರಿಂದ, ಹಿಂದಿಯಿಂದ ಅನುವಾದಿಸುವವರು ‘ವೈದ್ಯರ ಪರಾಮರ್ಶೆ ಪಡೆಯಿರಿ’ ಎಂದು ಬರೆದುಬಿಡುವ ಅಪಾಯವೂ ಇದೆ. ಕನ್ನಡದಲ್ಲಿ ಅಲ್ಲಿಗೆ ‘ಸಲಹೆ’ಯೇ ಸರಿ. ಇನ್ನು ‘ಪರಾಂಬರಿಸಿ ನೋಡು’ ಎನ್ನುವ ಹಿರಿಯರ ಮಾತಿನಲ್ಲಿರುವುದೂ ಇದೇ ಪದದ ತದ್ಭವ.

ಇಂಥ ವ್ಯತ್ಯಾಸಗಳು ಇಂಗ್ಲಿಷ್ ಸಮಾನಪದಗಳ ಪಟ್ಟಿಯಲ್ಲಿ ಹಿಡಿಯುವಂಥವಲ್ಲ. ಅವಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟೇ ಬೇಕು; ಅಲ್ಲಿ ಶಾಸನ, ಕಾವ್ಯಗಳಿಂದ ಆಯ್ದ ಪ್ರಯೋಗಗಳು ಅರ್ಥದ ಬೆನ್ನಿಗೇ ಬರುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಕೂಡ, ಕನ್ನಡ–ಇಂಗ್ಲಿಷ್ ನಿಘಂಟಾಗಿಯೂ, ಗಾದೆಗಳನ್ನೂ ಪ್ರಯೋಗಗಳನ್ನೂ ಕೈಬಿಟ್ಟಿರಲಿಲ್ಲ.

ಇಂಗ್ಲಿಷಿಗೆ ಅನುವಾದಿಸುವವರಿಗೆ, ಕನ್ನಡ ಕಲಿಯುತ್ತಿರುವವರಿಗೆ, ಓದುವಾಗ ಎಡವಿದ ಪದವೊಂದನ್ನು ತಕ್ಷಣ ತಿಳಿಯಬೇಕಾದವರಿಗೆ ಅಲರ್ ಅನ್ನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಕನ್ನಡದಲ್ಲೇ ಬರೆಯುವವರು, ಅದರಲ್ಲೂ ಸಂಸ್ಕೃತದಿಂದ ಬಂದ ಪದವನ್ನು ಬಳಸುವ ಮುನ್ನ, ಪರಿಷತ್ತಿನ ಸಂಪುಟವನ್ನೂ ತೆರೆದು ನೋಡುವುದು ಒಳ್ಳೆಯದು.