ಗ್ರೀಕ್ ಗುಡಿ, ರೋಮನ್ ಗುಡಿ ಒಂದೇ ಟಿಕೆಟ್‌ನಲ್ಲಿ: ಪೇಸ್ತುಮ್

ಇಟಲಿಗೆ ಹೋದವರು ರೋಮ್, ವೆನಿಸ್, ಫ್ಲಾರೆನ್ಸ್ ಮುಗಿಸಿ ವಾಪಸ್ ಬಂದುಬಿಡುತ್ತಾರೆ. ನೇಪಲ್ಸ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಒಂದೂಕಾಲು ಗಂಟೆ ಹೋದರೆ ಪೇಸ್ತುಮ್. ಸ್ಟೇಷನ್‌ನಿಂದ ನಡೆದೇ ಹೋಗಬಹುದು. ನನ್ನ ಲೆಕ್ಕದಲ್ಲಿ ಈ ಜಾಗಕ್ಕೆ ಐದಕ್ಕೆ ನಾಲ್ಕೂವರೆ ಅಂಕ, ಕಳೆದ ಅರ್ಧ ಬಿಸಿಲಿಗೆ.

ಕ್ರಿ.ಪೂ. 600ರ ಸುಮಾರಿಗೆ ಗ್ರೀಕರು ಕಟ್ಟಿದ ಊರಿದು. ಆಗಿನ ಹೆಸರು ಪೊಸೈಡೋನಿಯಾ. ನಡುವೆ ದಕ್ಷಿಣ ಇಟಲಿಯದೇ ಜನರಾದ ಲುಕಾನಿಯನ್ನರ ಕೈಗೆ ಹೋಗಿ, ಕ್ರಿ.ಪೂ. 273ರಲ್ಲಿ ರೋಮನ್ನರ ವಸಾಹತಾಯಿತು. ಹಾಗಾಗಿ ಮೂರು ಗ್ರೀಕ್ ಗುಡಿಗಳು, ಅವುಗಳ ಮಧ್ಯೆ ರೋಮನ್ ಫೋರಂ (ಊರಿನ ಮುಖ್ಯ ಚೌಕ), ಎಲ್ಲ ಒಂದೇ ಬಯಲಲ್ಲಿ ಸಿಗುತ್ತವೆ. ಅಥೆನ್ಸ್‌ನಲ್ಲಿ ನೋಡಿದ್ದನ್ನು ರೋಮ್‌ನಲ್ಲಿ ನಿಂತು ನೆನಪು ಮಾಡಿಕೊಳ್ಳುವ ಪಾಡಿಲ್ಲ.

ಮೊದಲು ನೆಪ್ಚೂನ್ ಗುಡಿಗೆ ಹೋಗಿ. ಹೆಸರು 18ನೇ ಶತಮಾನದವರು ಸುಮ್ನೆ ಅಂದಾಜಿನ ಮೇಲೆ ಇಟ್ಟದ್ದು. ಮುಂದೆ 6, ಪಕ್ಕಕ್ಕೆ 14 ಡೋರಿಕ್ ಕಂಬಗಳು (ಗ್ರೀಕರ ಸರಳ, ದಪ್ಪ ಶೈಲಿಯವು), ಸೂರಿಲ್ಲ, ಆದರೆ ಮೇಲಿನ ತ್ರಿಕೋನ ಎರಡೂ ತುದಿಯಲ್ಲಿ ಹಾಗೇ ನಿಂತಿದೆ. ಸುತ್ತ ಒಂದು ಸುತ್ತು ಹಾಕಿ. ನಾಲ್ಕೂ ಕಡೆ ಮೆಟ್ಟಿಲು, ನಾಲ್ಕೂ ಕಡೆ ಕಂಬ. ಬಲಿಪೀಠ ಹೊರಗೆ, ಪೂರ್ವಕ್ಕೆ. ಪೂಜೆ ನಡೆಯುತ್ತಿದ್ದದ್ದು ಅಲ್ಲೇ, ಒಳಗಿನ ಕೋಣೆ ದೇವರ ಮೂರ್ತಿಗೆ, ಅಂದರೆ ಕಟ್ಟಿದವರು ಜನ ಹೊರಗೆ ನಿಂತು ನೋಡಲಿ ಅಂತಲೇ ಕಟ್ಟಿದ್ದು.

ಪಕ್ಕದ್ದು ಇನ್ನೂ ಹಳೆಯದು, ಕ್ರಿ.ಪೂ. 550ರ ಸುಮಾರಿನದು. ನನಗೆ ಇದೇ ಜಾಸ್ತಿ ಇಷ್ಟ. ಎದುರಿಗೆ 9 ಕಂಬ! ಬೆಸ ಸಂಖ್ಯೆ ಆದ್ದರಿಂದ ಸರಿಯಾಗಿ ನಡುಮಧ್ಯೆ ಒಂದು ಕಂಬ ಅಡ್ಡ ನಿಲ್ಲುತ್ತದೆ, ಒಳಗೂ ನಡುವೆ ಕಂಬದ ಸಾಲು. ಕಂಬಗಳ ಹೊಟ್ಟೆ ಎಷ್ಟು ಉಬ್ಬಿದೆ ಅಂದರೆ ಭಾರ ಹೊತ್ತ ಹಮಾಲಿಯ ತೋಳಿನ ಹಾಗೆ. 18ನೇ ಶತಮಾನದವರು ಇದನ್ನು ಗುಡಿ ಅಂತ ನಂಬದೆ, ರೋಮನ್ನರ ಸಭಾಭವನ ಅಂದುಕೊಂಡು ಬೆಸಿಲಿಕಾ ಅಂತ ಕರೆದರು. ಆ ಹೆಸರೇ ಉಳಿಯಿತು.

ಆಮೇಲೆ ಫೋರಂ ಕಡೆ ಬನ್ನಿ. ಅಲ್ಲಿನ ರೋಮನ್ ಗುಡಿಯಲ್ಲಿ ಈಗ ಉಳಿದಿರುವುದು ಎತ್ತರದ ಜಗಲಿಯೇ ಹೆಚ್ಚು. ಆದರೆ ವ್ಯತ್ಯಾಸ ಅಷ್ಟರಲ್ಲೇ ಕಾಣುತ್ತದೆ. ಮೆಟ್ಟಿಲು ಎದುರಿನಿಂದ ಮಾತ್ರ, ಮುಖ ಫೋರಂ ಕಡೆಗೆ, ನೀವು ಎಲ್ಲಿ ನಿಲ್ಲಬೇಕು ಅಂತ ಕಟ್ಟಡವೇ ಹೇಳುತ್ತದೆ. ರೋಮನ್ನರು ಗ್ರೀಕರನ್ನು ಕಾಪಿ ಹೊಡೆದರು ಅನ್ನುವವರು ಇದನ್ನು ನೋಡಬೇಕು. ಕಂಬದ ಶೈಲಿ ಗ್ರೀಕರದು ನಿಜ, ಜಗಲಿಯೂ ಎದುರಿನ ಆಳವಾದ ಮೊಗಸಾಲೆಯೂ ರೋಮನ್ನರಿಗಿಂತ ಮೊದಲು ಮಧ್ಯ ಇಟಲಿಯಲ್ಲಿ ಪ್ರಬಲರಾಗಿದ್ದ ಎಟ್ರುಸ್ಕನ್ನರ ಕಡೆಯಿಂದ ಬಂದದ್ದು.

ಪೂರ್ತಿ ನಿಂತ ರೋಮನ್ ಗುಡಿ ಬೇಕಂದರೆ ರೋಮ್‌ನಲ್ಲಿ ಟೈಬರ್ ನದಿ ದಡದ ಪೋರ್ಟುನಸ್ ದೇವರ ಗುಡಿ ನೋಡಿ. ಅದರ ಪಕ್ಕದ ಕಂಬಗಳು ಹೆಚ್ಚಿನವು ಗೋಡೆಗೆ ಅಂಟಿದ ಅರ್ಧ ಕಂಬಗಳು, ಬರೀ ಅಲಂಕಾರ. ರೋಮ್‌ನದೇ ಇನ್ನೊಂದು ಗುಡಿ ಪ್ಯಾಂಥಿಯನ್‌ನ ಲೆಕ್ಕವೇ ಬೇರೆ. ಎದುರಿನಿಂದ ಗ್ರೀಕ್ ಗುಡಿಯಂತೆ ಕಂಡು, ಒಳಗೆ ಹೋದರೆ 43 ಮೀಟರ್ ಅಗಲದ ಕಾಂಕ್ರೀಟ್ ಗುಮ್ಮಟ.

ಪೇಸ್ತುಮ್‌ನ ಮ್ಯೂಸಿಯಂ ಬಿಡಬೇಡಿ, ನೀರಿಗೆ ಜಿಗಿಯುವವನ ಚಿತ್ರವಿರುವ ಗೋರಿ ಅಲ್ಲಿದೆ. ಬೇಸಿಗೆಯಲ್ಲಿ ಬೆಳಿಗ್ಗೆಯೇ ಹೋಗಿ, ಟೋಪಿ, ನೀರು ಇರಲಿ. ಸುತ್ತಮುತ್ತ ಎಮ್ಮೆ ಹಾಲಿನ ಮೊಜರೆಲ್ಲಾ ಸಿಗುತ್ತದೆ, ಅಂದಂದೇ ಮಾಡಿದ್ದನ್ನು ಕೇಳಿ ತಗೊಳ್ಳಿ. ವಾಪಸ್ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ.